ಒಂದೇ ಒಂದು ಪುಲ್-ಅಪ್, ಇಷ್ಟೊಂದು ಋಣ

ಕಳೆದ ಭಾನುವಾರ ಬೆಳಿಗ್ಗೆ ಆರೂಕಾಲಿಗೆ, ತುಮಕೂರಿನ ನಮ್ಮ ಬಡಾವಣೆಯ ಪಕ್ಕದ ಮೈದಾನದಲ್ಲಿ ನಾನು ಒಂದು ಪುಲ್-ಅಪ್ ಮಾಡಿದೆ. ಒಂದೇ. ಕೈ ಪೂರ್ತಿ ಚಾಚಿ ಜೋತುಬಿದ್ದಲ್ಲಿಂದ ಗಲ್ಲ ಕಂಬಿ ದಾಟುವವರೆಗೆ, ಯಾರೂ ಕಾಲು ಹಿಡಿಯದೆ. ನನಗೆ 41 ವರ್ಷ, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಸೊನ್ನೆಗೂ ಒಂದಕ್ಕೂ ನಡುವೆ ಹದಿಮೂರು ತಿಂಗಳು ಇರುತ್ತದೆಂದು ಯಾವ ಪಠ್ಯಪುಸ್ತಕದಲ್ಲೂ ಓದಿರಲಿಲ್ಲ. ಆ ಹದಿಮೂರು ತಿಂಗಳಲ್ಲಿ ಕೈಹಿಡಿದವರ ಸಾಲ ತೀರಿಸಲಾಗದು, ಒಪ್ಪಿಕೊಳ್ಳಬಹುದು ಅಷ್ಟೇ.

ಶುರುವಾದದ್ದು ಅಟ್ಟದಿಂದ. ಹೋದ ವರ್ಷ ಗೌರಿ ಹಬ್ಬದ ಹಿಂದಿನ ದಿನ ಹಿತ್ತಾಳೆ ಹರಿವಾಣ ಇಳಿಸಲು ಏಣಿ ಹತ್ತಿದ್ದೆ. ಏಣಿ ಜಾರಿತು. ಎರಡೂ ಕೈಗೆ ಅಟ್ಟದ ತೊಲೆ ಸಿಕ್ಕಿತು, ನೇತಾಡಿದೆ, ಮೇಲಕ್ಕೆ ಎಳೆದುಕೊಳ್ಳಲು ನೋಡಿದೆ, ಒಂದಂಗುಲವೂ ಏಳಲಿಲ್ಲ. ಮೂರು ಎಣಿಸುವಷ್ಟರಲ್ಲಿ ಬೆರಳು ಬಿಚ್ಚಿಕೊಂಡವು. ಕೆಳಗೆ ರಾಗಿ ಮೂಟೆ ಇದ್ದದ್ದು ಪುಣ್ಯ. ಅತ್ತೆ ಅಡುಗೆಮನೆಯಿಂದ ಬಂದು ನೋಡಿ, “ಬಾವಿ ಸೇದಿದ ಕೈಯಾಗಿದ್ದರೆ ಇಷ್ಟು ಬೇಗ ಬಿಡುತ್ತಿರಲಿಲ್ಲ ಕಣಮ್ಮ” ಎಂದರು. ಚುಚ್ಚಿತು, ಆದರೆ ಸುಳ್ಳಲ್ಲ. ಅಮಾನಿಕೆರೆಯ ಸುತ್ತ ವರ್ಷಗಟ್ಟಲೆ ನಡೆದವಳು ನಾನು, ಕಾಲಿಗೆ ಕೊರತೆಯಿರಲಿಲ್ಲ. ಸೊಂಟದಿಂದ ಮೇಲೆ ಮಾತ್ರ ಸೀಮೆಸುಣ್ಣಕ್ಕಿಂತ ಭಾರದ್ದನ್ನು ದುಡಿಸಿದ ನೆನಪಿಲ್ಲ.

ಮೊದಲು ಸೇರಿದ ಜಿಮ್ಮಿನ ಹೆಸರು ಬೇಡ. ಎರಡು ತಿಂಗಳ ಹಣ ಕಟ್ಟಿಸಿಕೊಂಡು ಟ್ರೆಡ್‌ಮಿಲ್ ಮೇಲೆ ನಿಲ್ಲಿಸಿದರು. ಕಂಬಿ ತೋರಿಸಿದರೆ “ಹೆಂಗಸರಿಗೆ ಅದೇಕೆ ಮೇಡಂ” ಎಂಬ ಉತ್ತರ. ಅವರಿಗೂ ಒಂದು ನಮಸ್ಕಾರ. ಮೈದಾನಕ್ಕೆ ಬಂದದ್ದು ಆ ಸಿಟ್ಟಿನಲ್ಲೇ.

ಮೈದಾನದಲ್ಲಿ ಸೇನಾ ಭರ್ತಿಗೆ ತಯಾರಾಗುವ ಆರೇಳು ಹುಡುಗರಿದ್ದರು. ಅವರ ಬಾಯಲ್ಲಿ ಇದು ಪುಲ್-ಅಪ್ ಅಲ್ಲ, ‘ಬೀಮ್’. ಭರ್ತಿಯಲ್ಲಿ ಹತ್ತು ಬೀಮಿಗೆ 40 ಅಂಕ, ಆರಕ್ಕೆ 16, ಅದಕ್ಕಿಂತ ಕಡಿಮೆಯಾದರೆ ಬಂದ ಬಸ್ಸಿನಲ್ಲೇ ವಾಪಸ್. ಒಂದೊಂದು ಬೀಮಿಗೂ ಅಂಕದ ಲೆಕ್ಕ ಹಾಕುವ ಹುಡುಗರು, ಸೊನ್ನೆ ತೆಗೆಯುವವಳಿಗಾಗಿ ದಿನವೂ ಕಂಬಿ ಬಿಟ್ಟುಕೊಟ್ಟರು. ಮೊದಲ ವಾರ ‘ಆಂಟಿ’ ಆಗಿದ್ದೆ, ಮೂರನೇ ವಾರ ‘ಅಕ್ಕ’. ಒಬ್ಬನ ತಂಗಿ ನನ್ನ ವಿದ್ಯಾರ್ಥಿನಿ ಎಂದು ಗೊತ್ತಾದ ಮೇಲೆ ಎಲ್ಲರಿಗೂ ‘ಮೇಡಂ’. ಅಕ್ಕ ಆಗಿದ್ದಾಗಲೇ ಹೆಚ್ಚು ಬೈಸಿಕೊಂಡದ್ದು, ಹೆಚ್ಚು ಕಲಿತದ್ದು.

“ಎಳೆಯಬೇಡಿ, ಸುಮ್ಮನೆ ಜೋತುಬೀಳಿ” ಎಂಬುದೇ ಅವರ ಮೊದಲ ಪಾಠ. ಎಂಟು ಸೆಕೆಂಡಿಗೆ ಅಂಗೈ ಸೋತಿತು. ಬೆನ್ನಿಗಿಂತ ಮೊದಲು ಹಿಡಿತ ಕೈಕೊಡುತ್ತದೆಂದು ಅಂದು ತಿಳಿಯಿತು. ಮೂವತ್ತು ಸೆಕೆಂಡು ನೇತಾಡುವಂತಾದ ಮೇಲೆ ಎರಡನೇ ಪಾಠ: ಮೊಣಕೈ ಮಡಿಸದೆ ಭುಜಗಳನ್ನು ಮಾತ್ರ ಕಿವಿಯಿಂದ ದೂರ, ಕೆಳಕ್ಕೆ ಎಳೆಯುವುದು. ಮೈ ಎರಡು ಬೆರಳಿನಷ್ಟು ಏಳುತ್ತದೆ, ನೋಡುವವರಿಗೆ ಏನೂ ಕಾಣಿಸದು. ಆದರೆ ಕಂಕುಳ ಕೆಳಗಿನಿಂದ ಸೊಂಟದ ಕಡೆಗೆ ಇಳಿಯುವ ಆ ಅಗಲವಾದ ಸ್ನಾಯು ನನಗೂ ಇದೆ ಎಂದು ಗೊತ್ತಾದದ್ದು ಆ ಎರಡು ಬೆರಳಿನಿಂದ. ಹುಡುಗರು ಅದನ್ನು ಲ್ಯಾಟ್ಸ್ ಎನ್ನುತ್ತಾರೆ. ಹಗ್ಗ ಹಿಡಿದು ಬಾವಿ ಸೇದುವಾಗ ದುಡಿಯುವುದೂ ಅದೇ. ಅತ್ತೆಯ ಮಾತಿನಲ್ಲಿ ಅಂಗರಚನಾಶಾಸ್ತ್ರವೇ ಇತ್ತು.

ಮನೆಯ ಹಿತ್ತಲಿನಲ್ಲಿ ಒಂದಿಂಚಿನ ಜಿಐ ಪೈಪ್ ಹಾಕಿಸಿಕೊಟ್ಟವರು ನಮ್ಮ ಮನೆಯವರು. ತಾವೂ ಅಭ್ಯಾಸ ಮಾಡುವುದಾಗಿ ಹೇಳಿದ್ದರು. ಸದ್ಯಕ್ಕೆ ಅದರ ಮೇಲೆ ಟವೆಲ್ ಒಣಹಾಕುತ್ತಾರೆ. ಆ ಪೈಪಿನ ಕೆಳಗೆ ಸ್ಟೂಲ್ ಇಟ್ಟು, ಹತ್ತಿ, ಗಲ್ಲವನ್ನು ಪೈಪಿನ ಮೇಲೆ ತಂದುಕೊಂಡು, ಕಾಲು ಬಿಟ್ಟು, ಆದಷ್ಟು ನಿಧಾನವಾಗಿ ಇಳಿಯುವುದು ನನ್ನ ಮುಖ್ಯ ಅಭ್ಯಾಸವಾಯಿತು. ಮೇಲಕ್ಕೆ ಎಳೆಯಲಾಗದ ಭಾರವನ್ನು ಅದೇ ಸ್ನಾಯು ತಡೆದು ತಡೆದು ಇಳಿಸಬಲ್ಲದು. ಇಳಿಸಿ ಇಳಿಸಿಯೇ ಎಳೆಯುವ ಶಕ್ತಿ ಬರುತ್ತದೆ.

ಎಣಿಸುವ ಕೆಲಸ ಅತ್ತೆಯದು. ಗುಬ್ಬಿ ತಾಲ್ಲೂಕಿನ ಹಳ್ಳಿಯ ಕಣದಲ್ಲಿ ರಾಗಿ ಅಳೆದವರು ಅವರು. ಅಲ್ಲಿ ಮೊದಲ ಅಳತೆಯನ್ನು ಯಾರೂ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ಹಾಗಾಗಿ ನಾನು ನಡುಗುತ್ತ ಇಳಿಯುವಾಗ ಒಗೆಯುವ ಕಲ್ಲಿನ ಮೇಲೆ ಕುಳಿತು ಅವರು “ಲಾಭ… ಎರಡು… ಮೂರು…” ಎನ್ನುತ್ತಿದ್ದರು. ಐದು ಎಣಿಸಿದರೆ ಸಾಕೆಂದು ಒಪ್ಪಂದ. ಒಂದು ದಿನ ಅನುಮಾನ ಬಂದು ಮೊಬೈಲಿನಲ್ಲಿ ನೋಡಿದರೆ ಅವರ ಐದು ಎಂದರೆ ಎಂಟು ಸೆಕೆಂಡು! ಈ ಕೈಯಿಂದ ರಾಗಿ ಕೊಂಡವರು ನಿಜವಾಗಿ ಲಾಭದಲ್ಲೇ ಇದ್ದಿರಬೇಕು. ಕೇಳಿದ್ದಕ್ಕೆ, “ನಿನ್ನ ಮೊಬೈಲು ಅವಸರದ್ದು” ಎಂದರು.

ಒಂಬತ್ತನೇ ತರಗತಿಯ ಮಕ್ಕಳನ್ನು ಮರೆಯಲಾರೆ. ಹೀಗೆ ಇಳಿದಿಳಿದು ಬರುವ ಮೈಕೈ ನೋವು ಮರುದಿನಕ್ಕಿಂತ ಅದರ ಮರುದಿನ ಹೆಚ್ಚು. ಕೈ ಹಲಗೆಯ ಮೇಲಂಚಿಗೆ ಏಳದ ದಿನಗಳಲ್ಲಿ ಕೇಳದೆಯೇ ಬಂದು ದಿನಾಂಕ ಬರೆದುಕೊಟ್ಟವರು ಅವರು.

ನಾಲ್ಕನೇ ತಿಂಗಳು ದುರಾಸೆಗೆ ಬಿದ್ದೆ. ವಾರಕ್ಕೆ ಮೂರು ದಿನದ್ದನ್ನು ದಿನವೂ ಮಾಡಿದೆ. ಮೊಣಕೈ ಒಳಬದಿಯಲ್ಲಿ ನೋವು ಶುರುವಾಗಿ ಮುದ್ದೆ ಕೋಲು ತಿರುವಲೂ ಆಗದಾಯಿತು. ಸ್ನಾಯು ಬೇಗ ಬಲಿಯುತ್ತದೆ, ಅದನ್ನು ಎಲುಬಿಗೆ ಬಿಗಿಯುವ ಟೆಂಡನ್ ಎಂಬ ಹುರಿ ನಿಧಾನ ಎಂದು ವಿವರಿಸಿ, ಮೂರು ವಾರ ಕಂಬಿ ಮುಟ್ಟದಂತೆ ಮಾಡಿದ ಫಿಸಿಯೋಥೆರಪಿ ಮೇಡಂ, ನಿಮ್ಮನ್ನು ಆಗ ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಕ್ಷಮಿಸಿ.

ಪಂಕ್ಚರ್ ಅಂಗಡಿಯ ಅಣ್ಣನಿಗೆ ಬೇರೆಯೇ ಸಲಾಂ. ಈಗಿನ ಎಷ್ಟೋ ಗಾಡಿಗಳಿಗೆ ಟ್ಯೂಬ್‌ಲೆಸ್ ಟೈರು, ಹಳೆಯ ಟ್ಯೂಬ್ ಸಿಗುವುದು ಕಷ್ಟ. ಅವರು ಎಲ್ಲಿಂದಲೋ ಬೈಕಿನ ಎರಡು ಟ್ಯೂಬ್ ಹುಡುಕಿ, ಒಂದಕ್ಕೊಂದು ಕೋದುಕೊಟ್ಟರು, ಕಾಸು ಮುಟ್ಟಲಿಲ್ಲ. ಕಂಬಿಗೆ ಸಿಕ್ಕಿಸಿ, ಅದರೊಳಗೆ ಮಂಡಿಯೂರಿದರೆ ಕೆಳಗಿನಿಂದ ಎತ್ತಿಕೊಡುತ್ತದೆ. ಮೇಲೆ ಹೋದಂತೆ ರಬ್ಬರ್ ಸಡಿಲವಾಗಿ ಸಹಾಯ ಕಡಿಮೆಯಾಗುತ್ತದೆ. ಹಾಗಾಗಿ ಕೊನೆಯ ನಾಲ್ಕಂಗುಲ ನನ್ನ ತಲೆಗೇ ಬಂತು. ಚೂಡಿದಾರಕ್ಕೆ ಹತ್ತಿದ ಆ ಕಪ್ಪು ಇನ್ನೂ ಹೋಗಿಲ್ಲ.

ಹತ್ತನೇ ತಿಂಗಳು ಅಂಗೈ ನನ್ನ ಕಡೆಗೆ ತಿರುಗಿಸಿ ಹಿಡಿದು ಒಂದು ಎಳೆದೆ. ಹಾಗೆ ಹಿಡಿದರೆ ತೋಳಿನ ಬೈಸೆಪ್ಸ್ ಹೆಚ್ಚು ನೆರವಾಗುತ್ತದೆ. ನಾನು ಕುಣಿಯುವಷ್ಟರಲ್ಲಿ ಹುಡುಗರ ತೀರ್ಪು ಬಂತು: “ಅದು ಚಿನ್-ಅಪ್ ಮೇಡಂ, ಲೆಕ್ಕಕ್ಕಿಲ್ಲ.” ಗಣಿತದ ಮೇಡಮ್ಮಿಗೇ ಲೆಕ್ಕ! ಮತ್ತೆ ಮೂರು ತಿಂಗಳು. ಅಷ್ಟರಲ್ಲಿ ತೂಕ 64ರಿಂದ 60 ಕಿಲೋಗೆ ಇಳಿದದ್ದೂ ಒದಗಿತು. ಎತ್ತಬೇಕಾದದ್ದು ನನ್ನನ್ನೇ ತಾನೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ಹೋದಾಗ ಮೂರರ ಬದಲು ಎರಡು, ಮನೆಯಲ್ಲಿ ದಿನಕ್ಕೆ ಎರಡು ಮೊಟ್ಟೆ. ಮುದ್ದೆ ಬಿಡಲಿಲ್ಲ.

ಭಾನುವಾರ ಅತ್ತೆಯೂ ಮೈದಾನಕ್ಕೆ ಬಂದಿದ್ದರು. ಅಲ್ಲಿಂದ ಸೀದಾ ಸಿದ್ಧಗಂಗೆಗೆ ಹೊರಡುವುದಿತ್ತು, ರೇಷ್ಮೆ ಸೀರೆ ಉಟ್ಟು ಸಿಮೆಂಟ್ ಬೆಂಚಿನ ಮೇಲೆ ಕುಳಿತಿದ್ದರು. ಹುಡುಗರು ಸುತ್ತ ನಿಂತರು. ಭುಜ ಇಳಿಸಿದೆ, ಎಳೆದೆ, ಆ ನಾಲ್ಕಂಗುಲದಲ್ಲಿ ಎಂದಿನಂತೆ ನಿಂತುಹೋದೆ, ಆಮೇಲೆ ಹೇಗೋ ಕಂಬಿ ಗಲ್ಲದ ಕೆಳಗಿತ್ತು. ಹುಡುಗರು ಕೂಗುವ ಮೊದಲೇ ಬೆಂಚಿನಿಂದ ದನಿ ಬಂತು: “ಲಾಭ.”

ಇಳಿದು ಇನ್ನೊಂದಕ್ಕೆ ಎಳೆದೆ. ಮೊಣಕೈ ಅರ್ಧ ಮಡಿಯಿತು ಅಷ್ಟೇ. ಎರಡು ಎನ್ನಲು ಬಾಯಿ ತೆರೆದಿದ್ದ ಅತ್ತೆ, ಹಾಗೆಯೇ ಮುಚ್ಚಿಕೊಂಡರು.