ಎ.ಸಿ. ಪದೇ ಪದೇ ನಿಂತರೆ ಸುಮ್ನೆ ಗ್ಯಾಸ್ ತುಂಬಿಸಬೇಡಿ

ಸಂಪಾದಕರೇ,

ಬೇಸಿಗೆ ಬಂದರೆ ಹುಬ್ಬಳ್ಳಿಯಲ್ಲಿ 10 ಅಡಿ ಉದ್ದಗಲದ ಕೋಣೆಗೂ 2 ಟನ್ (ಇದು ತೂಕವಲ್ಲ, ತಂಪು ಮಾಡುವ ಶಕ್ತಿಯ ಅಳತೆ) ಎ.ಸಿ. ಮಾರುತ್ತಾರೆ. ಇದು ಅನ್ಯಾಯ. ಅಳತೆ ಮೀರಿದ ಎ.ಸಿ. ಕೋಣೆಯನ್ನು ಬೇಗ ತಂಪು ಮಾಡಿ ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೇ ಮತ್ತೆ ಶುರು, ಗಾಳಿಯ ತೇವ ಎಳೆಯುವಷ್ಟು ಹೊತ್ತು ಓಡುವುದೇ ಇಲ್ಲ, ಹಾಗಾಗಿ ತಂಪಿದ್ದರೂ ಮೈ ಅಂಟಂಟು. ಇನ್ವರ್ಟರ್ ಎ.ಸಿ. (ಕಂಪ್ರೆಸರ್ ವೇಗವನ್ನು ತಾನೇ ಹೆಚ್ಚು-ಕಡಿಮೆ ಮಾಡಿಕೊಳ್ಳುವಂಥದ್ದು) ಅಲ್ಲದಿದ್ದರೆ ಪ್ರತಿ ಸಲ ಶುರುವಾಗುವಾಗ ಕಂಪ್ರೆಸರ್ ಹಲವು ಪಟ್ಟು ಜಾಸ್ತಿ ಕರೆಂಟ್ ಎಳೆದು ಬೇಗ ಸವೆಯುತ್ತದೆ.

ಇನ್ನು ನಮ್ಮೂರ ಧೂಳು! ಫಿಲ್ಟರ್ ಕಟ್ಟಿಕೊಂಡರೆ ಗಾಳಿ ಸಾಲದೆ ಒಳಗಿನ ಕಾಯಿಲ್ (ಗಾಳಿ ತಂಪು ಮಾಡುವ ಕೊಳವೆ ಸುರುಳಿ) ಮೇಲೆ ಐಸ್ ಕಟ್ಟುತ್ತದೆ. ಫಿಲ್ಟರ್ ತೊಳೆದರೆ ಸಾಕಿತ್ತು, ಆದರೆ ಮೆಕ್ಯಾನಿಕ್ ಬಂದವನೇ ಗ್ಯಾಸ್ ಮುಗಿದಿದೆ ಅನ್ನುತ್ತಾನೆ. ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವುದಿಲ್ಲ, ಸೋರಿದರೆ ಮಾತ್ರ ಕಡಿಮೆಯಾಗುತ್ತದೆ, ಅಲ್ವಾ? ಸೋರಿಕೆ ಎಲ್ಲಿದೆ ಅಂತ ತೋರಿಸಿದ ಮೇಲೇ ದುಡ್ಡು ಕೊಡಿ. ಅಂಗಡಿಯವರೂ ಕೋಣೆಯ ಅಳತೆ, ಬಿಸಿಲು ಬೀಳುವ ಗೋಡೆ ಕೇಳಿಯೇ ಮಾರಲಿ.

- ಒಬ್ಬ ಓದುಗ, ವಿದ್ಯಾನಗರ, ಹುಬ್ಬಳ್ಳಿ