ಒಳ್ಳೆಯ ಪಬ್ ಯಾವುದೆಂದು ಕೊಳವೆಯನ್ನು ಕೇಳಿ

ಮಾನ್ಯ ಸಂಪಾದಕರೇ,

ಕಳೆದ ಶನಿವಾರದ ನಿಮ್ಮ ಪುರವಣಿಯಲ್ಲಿ ಚರ್ಚ್ ಸ್ಟ್ರೀಟ್ ಹಾಗೂ ಸುತ್ತಮುತ್ತಲಿನ ಪಬ್‌ಗಳ ಬಗ್ಗೆ ಬಂದ ಲೇಖನವನ್ನು ಎರಡು ಸಲ ಓದಿದೆ. ದೀಪಗಳ ಅಲಂಕಾರ, ಮಹಡಿಯ ಮೇಲಿನ ಆಸನ, ಫೋಟೊ ತೆಗೆಸಿಕೊಳ್ಳಲು ಚೆನ್ನಾಗಿರುವ ಗೋಡೆ, ಯಾವ ವಾರ ಯಾವ ಸಂಗೀತ ಎಂಬುದೆಲ್ಲ ವಿವರವಾಗಿ ಇತ್ತು. ಬಿಯರ್ ಹೇಗಿದೆ ಎಂಬ ಒಂದು ಸಾಲು ಎಲ್ಲಿಯೂ ಸಿಗಲಿಲ್ಲ. ಮೂವತ್ತೆರಡು ವರ್ಷ ಅದೇ ಬೀದಿಗಳಲ್ಲಿ ಪಬ್‌ಗಳ ಮಗ್, ಬಿಯರ್ ಕೊಳವೆ ತೊಳೆದು ಸಂಸಾರ ಸಾಗಿಸಿದವನು ನಾನು. ಓದಿ ಮನಸ್ಸಿಗೆ ಬೇಸರವಾಯಿತು. ಬರೆಯದೆ ಇರಲು ಆಗಲಿಲ್ಲ.

1990ರಲ್ಲಿ ಮಾಗಡಿ ಕಡೆಯ ಹಳ್ಳಿಯಿಂದ ಬಂದು ಚರ್ಚ್ ಸ್ಟ್ರೀಟಿನ ಒಂದು ಪಬ್‌ನಲ್ಲಿ ಮಗ್ ತೊಳೆಯುವ ಕೆಲಸಕ್ಕೆ ಸೇರಿದೆ. ಬೆಂಗಳೂರಿಗೆ ಪಬ್ ನಗರಿ ಎಂಬ ಹೆಸರು ಆಗಷ್ಟೇ ಗಟ್ಟಿಯಾಗುತ್ತಿತ್ತು. ಚರ್ಚ್ ಸ್ಟ್ರೀಟಿನಲ್ಲಿ ನಾಸಾ ಎಂಬ ಪಬ್ ಇತ್ತು, ಒಳಗೆ ಹೋದರೆ ಬಾಹ್ಯಾಕಾಶ ನೌಕೆಗೆ ಹತ್ತಿದ ಹಾಗೆ. ಎಂ.ಜಿ. ರಸ್ತೆಯಲ್ಲಿದ್ದ ಅಂಡರ್‌ಗ್ರೌಂಡ್ ಪಬ್ಬನ್ನು ಲಂಡನ್ನಿನ ಸುರಂಗ ರೈಲಿನ ಮಾದರಿಯಲ್ಲಿ ಕಟ್ಟಿದ್ದರು. ಎರಡೂ ಈಗಿಲ್ಲ. ಬೇರೆ ಊರುಗಳಿಂದ ಬಂದವರು ಇವನ್ನು ನೋಡಲೆಂದೇ ಬರುತ್ತಿದ್ದರು. ಆದರೆ ಬಂದವರು ಮತ್ತೆ ಮತ್ತೆ ಬರುವಂತೆ ಮಾಡಿದ್ದು ಬಾಟಲಿಯಿಂದಲ್ಲದೆ ನಲ್ಲಿಯಿಂದ ನೇರ ಮಗ್‌ಗೆ ಬರುವ ತಾಜಾ ಡ್ರಾಟ್ ಬಿಯರ್ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಈಗ ಯುಬಿ ಸಿಟಿ ಎದ್ದಿರುವ ಜಾಗದಲ್ಲಿ ಒಂದು ಕಾಲಕ್ಕೆ ಬಿಯರ್ ಕಾರ್ಖಾನೆಯೇ ಇತ್ತು. ಬಿಯರ್ ಈ ಊರಿಗೆ ಹೊರಗಿನಿಂದ ಬಂದ ಷೋಕಿಯಾಗಿರಲಿಲ್ಲ, ಇಲ್ಲಿಯೇ ಕುದಿಯುತ್ತಿತ್ತು, ಇಲ್ಲಿಯೇ ಹುದುಗುತ್ತಿತ್ತು.

ನಾಲ್ಕು ವರ್ಷ ಮಗ್ ತೊಳೆದ ಮೇಲೆ ಒಬ್ಬ ಹಿರಿಯ ಮೆಕ್ಯಾನಿಕ್ ನನ್ನನ್ನು ಜೊತೆಗೆ ಹಾಕಿಕೊಂಡು ಲೈನ್ ಕೆಲಸ, ಅಂದರೆ ಬಿಯರ್ ಕೊಳವೆಗಳ ಕೆಲಸ, ಕಲಿಸಿದರು. ಗಿರಾಕಿಗೆ ಕಾಣುವುದು ಕೌಂಟರ್ ಮೇಲಿನ ಹಿತ್ತಾಳೆ ನಲ್ಲಿ ಮಾತ್ರ. ಅದರ ಹಿಂದೆ ಇಪ್ಪತ್ತು ಮೂವತ್ತು ಅಡಿ ಕೊಳವೆ, ತಣ್ಣಗಾಗಿಸುವ ಪೆಟ್ಟಿಗೆಯೊಳಗೆ ಸುರುಳಿ ಸುತ್ತಿದ ಸ್ಟೀಲ್ ಪೈಪು, ಕೊನೆಯಲ್ಲಿ ಬಿಯರ್ ತುಂಬಿದ ಪೀಪಾಯಿ, ಅಂದರೆ ಕೆಗ್, ಕೆಗ್‌ಗೆ ಒತ್ತಡ ಕೊಡುವ ಗ್ಯಾಸ್ ಸಿಲಿಂಡರ್ ಇರುತ್ತವೆ. ಕಾರ್ಖಾನೆಯವರು ಎಷ್ಟೇ ಶ್ರದ್ಧೆಯಿಂದ ಬಿಯರ್ ಮಾಡಿ ಕಳಿಸಿದರೂ ಅದು ನಮ್ಮ ಮಗ್‌ಗೆ ಬರುವುದು ಈ ಕೊಳವೆಯೊಳಗೆ ಹರಿದು. ಬಿಯರ್‌ನಲ್ಲಿ ಧಾನ್ಯದ ಸತ್ವ ಇರುತ್ತದೆ, ಸಕ್ಕರೆಯ ಅಂಶ ಇರುತ್ತದೆ. ತೊಳೆಯದೆ ಬಿಟ್ಟರೆ ಕೊಳವೆಯ ಒಳಮೈಗೆ ಲೋಳೆ ಕಟ್ಟುತ್ತದೆ. ನನ್ನ ತಾಯಿ ಮೊಸರಿನ ಗಡಿಗೆಯನ್ನು ಬೂದಿ ಹಾಕಿ ಉಜ್ಜಿ, ಬಿಸಿನೀರಿನಲ್ಲಿ ತೊಳೆದು, ಬಿಸಿಲಿಗೆ ಬೋರಲು ಹಾಕುತ್ತಿದ್ದಳು. ಹಾಗೆ ಮಾಡದಿದ್ದರೆ ಮಾರನೆಯ ದಿನದ ಮೊಸರು ಕೆಡುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಿಯರ್ ಕೊಳವೆಗೂ ಅದೇ ನಿಯಮ. ಗಡಿಗೆಗೆ ಕೈ ಹಾಕಬಹುದು, ಕೊಳವೆಗೆ ಹಾಕಲು ಆಗುವುದಿಲ್ಲ.

ಹದಿನೈದು ದಿನಕ್ಕೊಮ್ಮೆ ಲೈನ್ ತೊಳೆಯಬೇಕು. ಕೆಗ್ ಬಿಚ್ಚಿ, ಮೊದಲು ನೀರು ಬಿಟ್ಟು ಒಳಗಿನ ಬಿಯರ್ ಹೊರಗೆ ತಳ್ಳಬೇಕು. ಆಮೇಲೆ ಕಾಸ್ಟಿಕ್ ಎಂಬ ಕಟುವಾದ ಕ್ಷಾರ ಬೆರೆಸಿದ ದ್ರಾವಣ ತುಂಬಿ, ಪಂಪ್ ಹಚ್ಚಿ, ಹದಿನೈದು ಇಪ್ಪತ್ತು ನಿಮಿಷ ಸುತ್ತಿಸಬೇಕು. ಕೆಗ್‌ಗೆ ಕೊಳವೆ ಜೋಡಿಸುವ ಕಪ್ಲರ್ ಬಿಚ್ಚಿ ವಾಷರ್ ತೆಗೆದು ಉಜ್ಜಬೇಕು. ನಲ್ಲಿಯನ್ನು ತುಂಡು ತುಂಡಾಗಿ ಬಿಚ್ಚಬೇಕು, ಅದರ ಬಾಯೊಳಗೆ ಬೆರಳು ಹೋಗದ ಜಾಗಕ್ಕೆ ಸಣ್ಣ ಬ್ರಷ್ ಹಾಕಬೇಕು. ಕೊನೆಗೆ ಸ್ವಚ್ಛ ನೀರು ಬಿಡುತ್ತಾ, ಹೊರಬರುವ ನೀರಿಗೆ ಲಿಟ್ಮಸ್ ಕಾಗದ ಅದ್ದಿ ನೋಡಬೇಕು. ಕಾಸ್ಟಿಕ್ಕಿನ ಒಂದು ಹನಿಯೂ ಉಳಿಯಬಾರದು, ಅದು ಕುಡಿಯುವವರ ಗಂಟಲಿಗೆ ಹೋಗುವ ದಾರಿ. ಕೆಂಪು ಲಿಟ್ಮಸ್ ಕಾಗದ ನೀಲಿಯಾಗದೆ ಕೆಂಪಾಗಿಯೇ ಉಳಿಯುವವರೆಗೆ ನಾನು ಒಂದು ದಿನವೂ ಕೆಗ್ ಜೋಡಿಸಿಲ್ಲ. ಒಂದು ಲೈನಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಕೊಳವೆಯಲ್ಲಿದ್ದ ಬಿಯರ್ ಪೋಲಾಗುತ್ತದೆ. ಈ ಎರಡು ಖರ್ಚನ್ನು ಒಪ್ಪಿಕೊಳ್ಳುವ ಮಾಲೀಕರು, ಒಪ್ಪದ ಮಾಲೀಕರು ಎಂದು ಪಬ್‌ಗಳನ್ನು ನಾನು ಎರಡು ಪಾಲು ಮಾಡಿ ನೋಡುತ್ತೇನೆ.

ಒಬ್ಬ ಮಾಲೀಕರು ತಿಂಗಳಾದರೂ ಲೈನ್ ತೊಳೆಯಲು ಬಿಡುತ್ತಿರಲಿಲ್ಲ. “ತಣ್ಣಗಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ” ಎಂದರು. ಆ ಮಾತು ಅರ್ಧ ನಿಜ. ತೀರಾ ತಣ್ಣಗಿದ್ದರೆ ನಾಲಿಗೆ ಮಂಕಾಗುತ್ತದೆ. ಅದೇ ಪಬ್‌ನಲ್ಲಿ ಒಂದು ಮಧ್ಯಾಹ್ನ ನಾನು ನಲ್ಲಿಯ ರಿಪೇರಿ ಮಾಡುತ್ತಿದ್ದಾಗ ಇಬ್ಬರು ಹುಡುಗರು ಬಂದು ಕೌಂಟರಿನ ಪಕ್ಕ ಕುಳಿತರು. ಒಬ್ಬನಿಗೆ ಮೊದಲ ಸಂಬಳ ಬಂದಿತ್ತು. ಹಾಸನದ ಕಡೆಯವನೆಂದು ಮಾತಿನಲ್ಲಿ ತಿಳಿಯುತ್ತಿತ್ತು. ಹಿಂದೆ ಎಂದೂ ಬಿಯರ್ ಕುಡಿದವನಲ್ಲ. ಮೊದಲ ಗುಟುಕಿಗೆ ಮುಖ ಕಿವುಚಿದ. ಪಕ್ಕದಲ್ಲಿದ್ದ ನನ್ನನ್ನು ನೋಡಿ, “ಅಣ್ಣ, ಬಿಯರ್ ಎಂದರೆ ಹೀಗೆ ಹುಳಿಯಾಗಿಯೇ ಇರುತ್ತದೆಯೇ?” ಎಂದು ಕೇಳಿದ. ಮಾಲೀಕರು ಎದುರಿಗೇ ನಿಂತಿದ್ದರು. ನಾನು ಏನೂ ಹೇಳಲಿಲ್ಲ. ಆ ಹುಡುಗ ದುಡ್ಡು ಕೊಟ್ಟ ಪದಾರ್ಥ ಎಂದು ಮಗ್ ಪೂರ್ತಿ ಮುಗಿಸಿ, ತನಗೇ ರುಚಿ ತಿಳಿಯದೆಂದು ಅಂದುಕೊಂಡು ಎದ್ದು ಹೋದ. ಸುಮಾರು ಇಪ್ಪತ್ತು ವರ್ಷವಾಯಿತು, ಆ ಪ್ರಶ್ನೆಗೆ ಉತ್ತರ ಕೊಡದ ನೋವು ನನ್ನಲ್ಲಿ ಹಾಗೆಯೇ ಇದೆ. ಇಲ್ಲ ತಮ್ಮ, ಬಿಯರ್ ಹಾಗೆ ಇರುವುದಿಲ್ಲ. ವಿನೆಗರ್‌ನ ಹುಳಿ ಬಂದರೆ, ಹಳೆಯ ಬೆಣ್ಣೆಯ ವಾಸನೆ ಬಂದರೆ, ಮೊದಲು ಕೊಳವೆಯ ಮೇಲೆ ಅನುಮಾನಪಡಬೇಕು. ಈಗ ಕೆಲವು ಕಡೆ ಬೇಕೆಂದೇ ಹುಳಿ ಬಿಯರ್ ಮಾಡುತ್ತಾರೆ, ಅದನ್ನು ಹೆಸರು ಹೇಳಿ ಕೊಡುತ್ತಾರೆ. ಅದರ ಮಾತು ಬೇರೆ.

2020ರ ಮಾರ್ಚ್ ಮಧ್ಯದಲ್ಲಿ ಪಬ್‌ಗಳು ಮುಚ್ಚಿದವು. ಮತ್ತೆ ತೆರೆಯಲು ಅನುಮತಿ ಸಿಕ್ಕಿದ್ದು ಸೆಪ್ಟೆಂಬರ್ 1ರಿಂದ. ಮುಚ್ಚುವ ದಿನ ಒಂದು ವಾರವೆಂದು ತಿಳಿದಿದ್ದರಿಂದ ಬಹಳ ಕಡೆ ಲೈನ್ ಖಾಲಿ ಮಾಡಿರಲಿಲ್ಲ. ಆಗಸ್ಟ್ ಕೊನೆಯ ವಾರ ನೆಲಮಾಳಿಗೆಯ ಒಂದು ಪಬ್‌ಗೆ ನನ್ನನ್ನು ಕರೆಸಿದರು. ನಲ್ಲಿ ತಿರುಗಿಸಿದರೆ ಮೊದಲು ಏನೂ ಬರಲಿಲ್ಲ. ಗ್ಯಾಸಿನ ಒತ್ತಡ ಸ್ವಲ್ಪ ಏರಿಸಿದೆ. ಸೀಟಿ ಹೊಡೆದ ಹಾಗೆ ಸದ್ದಾಗಿ, ಆಮೇಲೆ ಮಂದವಾದ ಕಂದು ನೀರು ಬಿತ್ತು. ಅದರಲ್ಲಿ ಹಾಲಿನ ಕೆನೆಯಂತಹ ಪದರಗಳು ತೇಲುತ್ತಿದ್ದವು. ಮೂರು ಸಲ ಕಾಸ್ಟಿಕ್ ಓಡಿಸಿದೆ, ಪ್ರತಿ ಸಲವೂ ಪದರ ಕಿತ್ತು ಬಂತು. ಮೂರನೆಯ ಸಲ ಮಾಲೀಕರಿಗೆ, “ಇದು ತೊಳೆಯುವ ಕೊಳವೆಯಲ್ಲ ಸಾರ್, ಕತ್ತರಿಸಿ ಎಸೆಯಬೇಕು” ಎಂದೆ. ಐದೂವರೆ ತಿಂಗಳು ಒಂದು ರೂಪಾಯಿ ವ್ಯಾಪಾರವಿಲ್ಲದ ಮನುಷ್ಯ. ಆದರೂ ಮರುಮಾತಿಲ್ಲದೆ ಒಪ್ಪಿದರು. ಹಳೆಯ ಲೈನ್ ಎಳೆದು ಹೊಸದು ಹಾಕುವಾಗ ಕೌಂಟರಿನ ಕೆಳಗೆ ತಾವೇ ಟಾರ್ಚ್ ಹಿಡಿದು ಕುಳಿತರು. ಅವರ ಪಬ್‌ನ ಗೋಡೆ ಬಣ್ಣ ಮಾಸಿದೆ, ಕುರ್ಚಿಗಳು ಹಳೆಯವು. ನಿಮ್ಮ ಲೇಖನದಲ್ಲಿ ಅದರ ಹೆಸರಿರಲಿಲ್ಲ.

ಹಾಗಾದರೆ ಎಲ್ಲಿಗೆ ಹೋಗಬೇಕು ಎಂದು ನನ್ನ ಮಗಳು ಮತ್ತು ಅಳಿಯ ಕೇಳಿದಾಗ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಬ್ರಿಗೇಡ್ ರಸ್ತೆಯಿಂದ ಒಳಗೆ ತಿರುಗಿದರೆ ರೆಸ್ಟ್ ಹೌಸ್ ರಸ್ತೆಯಲ್ಲಿ ಪೆಕೋಸ್ ಇದೆ, 1989ರಿಂದ. ಇಕ್ಕಟ್ಟಿನ ಮೆಟ್ಟಿಲು, ಒಂದರ ಮೇಲೊಂದು ಸಣ್ಣ ಮಹಡಿಗಳು, ಗೋಡೆಯ ತುಂಬ ಹಳೆಯ ರಾಕ್ ಗಾಯಕರ ಚಿತ್ರಗಳು. ಆ ಸಂಗೀತ ನನಗೆ ಅರ್ಥವಾಗುವುದಿಲ್ಲ, ಆದರೂ ಅಲ್ಲಿ ಕೂರುವುದು ನನಗೆ ಇಷ್ಟ. ಒಬ್ಬನೇ ಬಂದವನನ್ನು ಯಾರೂ ಎಬ್ಬಿಸುವುದಿಲ್ಲ. ಚರ್ಚ್ ಸ್ಟ್ರೀಟಿನ ಇನ್ನೊಂದು ತುದಿಗೆ ನಡೆದರೆ ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ ಕೋಶೀಸ್ ಸಿಗುತ್ತದೆ. ಅದನ್ನು ಪಬ್ ಎನ್ನಲಾಗದು, ಊಟದ ಜಾಗ. ಆದರೆ ಮಧ್ಯಾಹ್ನ ಒಂದು ಬಾಟಲಿ ಬಿಯರ್ ಮುಂದಿಟ್ಟುಕೊಂಡು ಮಾತನಾಡುವ ಪದ್ಧತಿಯನ್ನು ಈ ಊರಿಗೆ ಕಲಿಸಿದ ಜಾಗಗಳಲ್ಲಿ ಅದೂ ಒಂದು. ನಡುವೆ ಬ್ಲಾಸಮ್ ಪುಸ್ತಕದ ಅಂಗಡಿ, 2009ರಲ್ಲಿ ಎಂ.ಜಿ. ರಸ್ತೆಯಿಂದ ಬಂದು ನೆಲೆಸಿದ ಇಂಡಿಯನ್ ಕಾಫಿ ಹೌಸ್. ಪುಸ್ತಕ, ಕಾಫಿ, ಬಿಯರ್ ಮೂರೂ ಇಷ್ಟು ಹತ್ತಿರ ಇರುವ ಬೀದಿ ಬೆಂಗಳೂರಿನಲ್ಲಿ ಬೇರೆ ಇಲ್ಲ. 2017ರಲ್ಲಿ ಈ ಬೀದಿಯನ್ನು ಪೂರ್ತಿ ಅಗೆದಿದ್ದಾಗ ಹಲಗೆಯ ಮೇಲೆ ಸಿಲಿಂಡರ್ ಉರುಳಿಸಿಕೊಂಡು ದಾಟಿದ್ದೇನೆ. ಅದೇ ವರ್ಷ ಜುಲೈ 1ರಿಂದ, ಹೆದ್ದಾರಿಯ 500 ಮೀಟರ್ ಒಳಗೆ ಮದ್ಯ ಮಾರಬಾರದೆಂಬ ಸುಪ್ರೀಂ ಕೋರ್ಟ್ ಆದೇಶದಿಂದ ಇಲ್ಲಿನ ಪಬ್‌ಗಳು ವಾರಗಟ್ಟಲೆ ಮುಚ್ಚಿದ್ದವು. ಕಲ್ಲು ಹಾಸಿನ ಹೊಸ ಬೀದಿ ಮರುವರ್ಷ ತೆರೆದಾಗ ನನ್ನ ಕಣ್ಣು ತುಂಬಿ ಬಂದಿತ್ತು.

ಸ್ಥಳದಲ್ಲಿಯೇ ಬಿಯರ್ ತಯಾರಿಸುವ ಪಬ್‌ಗಳ ಬಗ್ಗೆಯೂ ಒಂದು ಮಾತು. ಮೆಗ್ರಾತ್ ರಸ್ತೆಯ ಆರ್ಬರ್ 2012ರಿಂದ ಇದೆ, ಇಂದಿರಾನಗರದ ನೂರು ಅಡಿ ರಸ್ತೆಯ ಟಾಯ್ಟ್ ಅದಕ್ಕೂ ಎರಡು ವರ್ಷ ಹಳೆಯದು. ಇಂತಹ ಕಡೆ ಬಿಯರ್ ಲಾರಿ ಹತ್ತುವುದಿಲ್ಲ, ತೊಟ್ಟಿಯಿಂದ ನಲ್ಲಿಗೆ ಬರುತ್ತದೆ. ಗೋಧಿ ಬಿಯರ್‌ನಲ್ಲಿ ಬಾಳೆಹಣ್ಣು, ಲವಂಗದ ವಾಸನೆ ಬಂದರೆ ಗಾಬರಿಯಾಗಬೇಡಿ, ಅದು ಬಿಯರ್ ಹುದುಗಿಸುವ ಯೀಸ್ಟ್ ತಂದ ಗುಣ. ಸೋಸದೆ ಕೊಡುವ ಬಿಯರ್ ಮಸುಕಾಗಿರುವುದೂ ಸಹಜ. ಜೀವಂತ ಯೀಸ್ಟ್ ಇರುವುದರಿಂದಲೇ ಅಲ್ಲಿ ಕೊಳವೆಯ ಶುಚಿತ್ವ ಇನ್ನೂ ಕಟ್ಟುನಿಟ್ಟಾಗಿರಬೇಕು. ದಯವಿಟ್ಟು ಗಾಡಿ ಮನೆಯಲ್ಲಿ ಬಿಟ್ಟು ಹೋಗಿ. ಎಂ.ಜಿ. ರಸ್ತೆ, ಇಂದಿರಾನಗರ ಎರಡು ಕಡೆಯೂ ಮೆಟ್ರೊ ನಿಲ್ದಾಣ ನಡೆದು ಹೋಗುವಷ್ಟು ಹತ್ತಿರ.

ಗಿರಾಕಿಗೆ ಕೊಳವೆ ಕಾಣುವುದಿಲ್ಲ, ಆದರೆ ಲೋಟ ಕಾಣುತ್ತದೆ. ಸ್ವಚ್ಛ ಲೋಟದಲ್ಲಿ ಬಿಯರ್ ಮೇಲೆ ಒಂದು ಬೆರಳು ದಪ್ಪದ ನೊರೆ ನಿಲ್ಲುತ್ತದೆ. ಕುಡಿಯುತ್ತಾ ಹೋದಂತೆ ಗುಟುಕಿಗೊಂದರಂತೆ ಒಳಮೈಯಲ್ಲಿ ಬಿಳಿ ಉಂಗುರ ಉಳಿಯುತ್ತದೆ. ಲೋಟದಲ್ಲಿ ಜಿಡ್ಡಿದ್ದರೆ ನೊರೆ ಕೂಡಲೇ ಸಾಯುತ್ತದೆ, ಗುಳ್ಳೆಗಳು ಗಾಜಿನ ಪಕ್ಕಕ್ಕೆ ಅಂಟಿಕೊಂಡು ಕೂರುತ್ತವೆ. ನಲ್ಲಿಯ ಬಾಯಿಯ ಸುತ್ತ ಸಣ್ಣ ನೊಣಗಳು ಹಾರುತ್ತಿದ್ದರೆ ಅಲ್ಲಿ ಕೂರುವುದೇ ಬೇಡ. ಇವನ್ನೆಲ್ಲ ನೋಡಲು ಯಾವ ಪರಿಣತಿಯೂ ಬೇಕಿಲ್ಲ.

ಮಾಲೀಕರಲ್ಲಿ ನನ್ನದೊಂದು ಕೋರಿಕೆ. ಲೈನ್ ತೊಳೆದ ದಿನಾಂಕವನ್ನು ಕೌಂಟರ್ ಪಕ್ಕದ ಒಂದು ಸಣ್ಣ ಹಲಗೆಯ ಮೇಲೆ ಕನ್ನಡದಲ್ಲಿ ಬರೆದು ಹಾಕಿ. ಒಂದು ಸೀಮೆಸುಣ್ಣದ ಖರ್ಚು. ಇಂದು ಯಾವ ತಿನಿಸಿಗೆ ರಿಯಾಯಿತಿ ಎಂದು ಬರೆಯುವ ಹಲಗೆ ನಿಮ್ಮಲ್ಲಿ ಈಗಾಗಲೇ ಇದೆ, ಅದರ ಮೂಲೆಯಲ್ಲಿಯೇ ಬರೆಯಬಹುದು. ಲೈನ್ ತೊಳೆಯುವ ಹುಡುಗನಿಗೆ ಆ ಹಲಗೆಯನ್ನು ತಾನೇ ಬರೆಯಲು ಬಿಡಿ. ನನ್ನ ಕಾಲದಲ್ಲಿ ಹಾಗೆ ಬರೆಯಲು ಯಾರಾದರೂ ಬಿಟ್ಟಿದ್ದರೆ ನಾನು ಎಷ್ಟು ಸಂತೋಷಪಡುತ್ತಿದ್ದೆ ಎಂದು ನನಗೆ ಮಾತ್ರ ಗೊತ್ತು.

ಸಂಪಾದಕರೇ, ನಿಮ್ಮ ವರದಿಗಾರರು ಮತ್ತೊಮ್ಮೆ ಪಟ್ಟಿ ಮಾಡುವಾಗ ಶನಿವಾರ ರಾತ್ರಿ ಹೋಗುವುದು ಬೇಡ. ಆಗ ಕೆಗ್ ಮೇಲೆ ಕೆಗ್ ಖಾಲಿಯಾಗುತ್ತಿರುತ್ತದೆ, ಎಲ್ಲರ ಬಿಯರೂ ಸುಮಾರಾಗಿ ಚೆನ್ನಾಗಿಯೇ ಇರುತ್ತದೆ. ಮಂಗಳವಾರ ಬಾಗಿಲು ತೆರೆದ ಕೂಡಲೇ ಮೊದಲ ಗಿರಾಕಿಯಾಗಿ ಹೋಗಲಿ. ಹಿಂದಿನ ರಾತ್ರಿಯಿಂದ ಕೊಳವೆಯಲ್ಲಿ ನಿಂತಿದ್ದ ಬಿಯರ್ ನಲ್ಲಿಗೆ ಬರುವ ಹೊತ್ತು ಅದು. ಕೌಂಟರಿನ ಹುಡುಗ ಆ ಮೊದಲ ಮಗ್ ಚೆಲ್ಲಿ ಎರಡನೆಯದನ್ನು ಕೊಡುತ್ತಾನೋ, ಮೊದಲನೆಯದನ್ನೇ ಮುಂದಿಡುತ್ತಾನೋ ನೋಡಲಿ. ಬೇಕಾದರೆ ನಾನೂ ಜೊತೆಗೆ ಬರುತ್ತೇನೆ, ಟಾರ್ಚ್ ನನ್ನ ಬಳಿ ಇದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಬಿಯರ್ ಲೈನ್ ಮೆಕ್ಯಾನಿಕ್,
ನೀಲಸಂದ್ರ, ಬೆಂಗಳೂರು