ಹೆಸರು ಹೇಳದೆ ಹೊರಟ ಹಿರಿಯರಿಗೆ

ಹೊನೊಲುಲುವಿನಲ್ಲಿ ಸ್ಟೀಲ್ ಗಿಟಾರ್ ಕಲಿಯುತ್ತಿರುವ ನಮ್ಮ ಮಕ್ಕಳ ನಡುವೆ ಒಂದು ಮಧ್ಯಾಹ್ನವಿಡೀ ಕುಳಿತು ಪಾಠ ಹೇಳಿದ ಹಿರಿಯರೇ, ನಿಮಗೆ ಹೃತ್ಪೂರ್ವಕ ಧನ್ಯವಾದಗಳು.

ಉಕ್ಕಿನ ಸಲಾಕೆಯನ್ನು ತಂತಿಗಳ ಮೇಲೆ ಬಲವಾಗಿ ಒತ್ತುತ್ತಿದ್ದ ನನ್ನ ಮಗಳ ಎಡಗೈಯನ್ನು ಹಗುರವಾಗಿ ಹಿಡಿದು, "ಸಲಾಕೆಯ ಭಾರವೇ ಸಾಕು ಮಗೂ, ನೀನು ಜಾರಿಸು" ಎಂದಿರಿ. ಸಲಾಕೆಯ ಹಿಂದಿರುವ ಬೆರಳುಗಳು ತಂತಿಗೆ ತಾಗಿಕೊಂಡೇ ಸಾಗಿದರೆ ಬೇಡದ ನಾದ ಅಡಗುತ್ತದೆ ಎಂದು ತೋರಿಸಿದಿರಿ. ಸ್ವರ ಎಷ್ಟು ತಿಳಿಯಾಯಿತು!

ಹವಾಯಿಯ ಓವಾಹು ದ್ವೀಪದ ಲಾಯಿಯೆ ಊರಿನ ಜೋಸೆಫ್ ಕೆಕುಕು ಹದಿಹರೆಯದಲ್ಲೇ ಸಲಾಕೆ ಜಾರಿಸಿ ನುಡಿಸುವ ಈ ಶೈಲಿಯನ್ನು ರೂಪಿಸಿದ್ದನ್ನು ಹೇಳಿದಿರಿ. 1940ರ ದಶಕದಲ್ಲಿ ಸ್ಟೀಲ್ ಗಿಟಾರ್ ವಾದಕ ಟಾವ್ ಮೋ ಕೋಲ್ಕತ್ತದಲ್ಲಿ ನೆಲೆಸಿ ನುಡಿಸಿದ್ದನ್ನು ಕೇಳಿದಾಗಲಂತೂ, ಭಾರತದವಳಾದ ನನಗೆ ಈ ವಾದ್ಯ ನಮ್ಮದೂ ಹೌದೆನ್ನಿಸಿತು.

ಮಕ್ಕಳು ನಿಮ್ಮ ದಾರಿ ಕಾಯುತ್ತಿದ್ದಾರೆ. ದಯವಿಟ್ಟು ಮತ್ತೆ ಬನ್ನಿ.